ಎಂಬತ್ತರೊಳಗೆ

ರಕ್ತದ ಗುಂಪು ಹೊಂದುತ್ತದೆ, ಉಳಿದ ಪರೀಕ್ಷೆಗಳೂ ಹೊಂದುತ್ತವೆ, ಎರಡೂ ಕಿಡ್ನಿ ಚೆನ್ನಾಗಿವೆ ಎಂದು ಡಾಕ್ಟರು ಹೇಳಿದ ಕೂಡಲೇ ಭಾಗ್ಯಶ್ರೀಯ ತಾಯಿ ರತ್ನವ್ವ ಕೂತಲ್ಲೇ ಎರಡೂ ಕೈ ಎತ್ತಿ ಮುಗಿದಳು. ಡಾಕ್ಟರ ಮಾತು ಇನ್ನೂ ಮುಗಿದಿರಲಿಲ್ಲ.

"ಆದರ ಇವರ ತೂಕ ಭಾಳ ಐತ್ರಿ ಅಮ್ಮಾರ. ತೊಂಬತ್ನಾಕು ಕಿಲೋ. ಈ ತೂಕದಾಗ ಆಪರೇಶನ್ ಮಾಡಿದ್ರ ಇವರ ಜೀವಕ್ಕ ಧೋಕಾ. ಎಂಬತ್ತರೊಳಗ ಬರಲಿ. ಆಮ್ಯಾಲೆ ತಾರೀಕು ನೋಡೋಣು."

ಅದು ಫೆಬ್ರುವರಿ ತಿಂಗಳು. ಕಿಡ್ನಿ ಬೇಕಾಗಿದ್ದು ಭಾಗ್ಯಶ್ರೀಯ ಅಣ್ಣ ರಾಜಶೇಖರನಿಗೆ. ಅವನಿಗೆ ನಲವತ್ತೇಳು ವರ್ಷ. ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಲ್ಲಿ ಜೋಳ, ಕಡಲೆಯ ಅಂಗಡಿ ಇಟ್ಟುಕೊಂಡಿದ್ದ. ಒಂದು ವರ್ಷದಿಂದ ವಾರಕ್ಕೆ ಮೂರು ಸಲ ಸತ್ತೂರಿನ ಆಸ್ಪತ್ರೆಗೆ ಹೋಗಿ, ನಾಲ್ಕು ನಾಲ್ಕು ತಾಸು ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿ ಬರುತ್ತಿದ್ದ. ಅವನ ಹೆಂಡತಿ ಲಕ್ಷ್ಮಿಯ ರಕ್ತ ಹೊಂದಲಿಲ್ಲ. ತಾಯಿಗೆ ಎಪ್ಪತ್ತೆರಡು ವರ್ಷ, ಮೇಲೆ ಸಕ್ಕರೆ ಕಾಯಿಲೆ. ಉಳಿದವಳು ತಂಗಿ ಒಬ್ಬಳೇ. "ನಾ ಕೊಡ್ತೇನಿ" ಎಂದು ಭಾಗ್ಯಶ್ರೀ ಯಾರೂ ಕೇಳುವ ಮೊದಲೇ ಹೇಳಿದ್ದಳು. ಹೇಳುವಾಗ ಅವಳ ಮನಸ್ಸಿನಲ್ಲಿ ಎರಡನೆಯ ಮಾತು ಇರಲಿಲ್ಲ.

ಭಾಗ್ಯಶ್ರೀಯ ಮನೆ ಬೈರಿದೇವರಕೊಪ್ಪದಲ್ಲಿ. ಹೊರಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ಓಣಿಯ ಹೆಂಗಸರ ಜಂಪರು ಹೊಲಿಯುತ್ತಿದ್ದಳು. ಗಂಡ ಪರಮೇಶ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮಗಳು ವಿದ್ಯಾ ಪಿಯುಸಿ ಮೊದಲನೆಯ ವರ್ಷ. ದಿನವೆಲ್ಲ ಕೂತು ಮಾಡುವ ಕೆಲಸದಿಂದ ಮೈ ಬಂತು ಎಂದು ಎಲ್ಲರೂ ಅನ್ನುತ್ತಿದ್ದರು. ಆದರೆ ಅವಳು ದಪ್ಪಗಾಗಿದ್ದು ಹೊಲಿಗೆ ಕಲಿಯುವುದಕ್ಕಿಂತ ಬಹಳ ಮೊದಲು.

ತಂದೆ ಗುರುಸಿದ್ದಯ್ಯ ಸತ್ತಾಗ ಅವಳಿಗೆ ಹನ್ನೊಂದು ವರ್ಷ. ಮನೆ ತುಂಬ ಅಳುವ ಜನ. ಮೂಲೆಯಲ್ಲಿ ನಡುಗುತ್ತ ಕೂತಿದ್ದ ಹುಡುಗಿಯನ್ನು ಯಾವ ಸೋದರತ್ತೆಯೋ ಅಡುಗೆಮನೆಗೆ ಎಳೆದುಕೊಂಡು ಹೋಗಿ, ಮೊಸರನ್ನದ ತಾಟು ಮುಂದಿಟ್ಟು, "ತಿನ್ನು, ಅಳಬ್ಯಾಡ" ಅಂದಿದ್ದಳು. ತಿಂದಳು. ನಡುಕ ನಿಂತಿತು. ಅಂದಿನಿಂದ ಹೆದರಿಕೆಯಾದಾಗಲೆಲ್ಲ ಅವಳ ಕಾಲು ತಾನಾಗಿ ಅಡುಗೆಮನೆಗೆ ಹೋಗುತ್ತಿತ್ತು. ಪರೀಕ್ಷೆಯ ಮುಂಚೆ, ಹೆಣ್ಣು ನೋಡಲು ಬಂದವರು ಹೋದ ಮೇಲೆ, ಹೆರಿಗೆಗೆ ಹೋಗುವ ಹಿಂದಿನ ದಿನ. ಅದನ್ನು ಅವಳು ಹಸಿವು ಎಂದೇ ತಿಳಿದಿದ್ದಳು.

ತಂದೆ ಹೋದ ವರ್ಷವೇ ರಾಜಶೇಖರ ಕಾಲೇಜು ಬಿಟ್ಟು ಅಂಗಡಿಯ ಗಾದಿಗೆ ಕೂತ. ಅವನಿಗಾಗ ಹದಿನೇಳು. ತಂಗಿಯನ್ನು ಹತ್ತನೆಯವರೆಗೆ ಓದಿಸಿದ, ಮದುವೆ ಮಾಡಿದ, ಪ್ರತಿ ವರ್ಷ ನಾಗರ ಪಂಚಮಿಗೆ ತಾನೇ ಬಂದು ತವರಿಗೆ ಕರೆದೊಯ್ದ. ಬಂದ ನೆಂಟರ ಮುಂದೆ ಅವಳನ್ನು "ನಮ್ಮ ಗೋಣಿಚೀಲ" ಎಂದು ನಗಾಡಿದ್ದೂ ಅವನೇ. ಅವನ ಮೇಲಿನ ಪ್ರೀತಿ ಮತ್ತು ಆ ಮಾತಿನ ಸಿಟ್ಟು, ಎರಡನ್ನೂ ಭಾಗ್ಯಶ್ರೀ ಎಂದೂ ಬೇರೆ ಮಾಡಿ ನೋಡಿರಲಿಲ್ಲ.

ಆಸ್ಪತ್ರೆಯಲ್ಲಿ ಊಟದ ವಿಚಾರ ನೋಡಿಕೊಳ್ಳುತ್ತಿದ್ದವರು ಮೃಣಾಲಿನಿ ಎಂಬ ಹೆಣ್ಣುಮಗಳು. ಐವತ್ತರ ಹತ್ತಿರದ, ಮೆಲ್ಲಗೆ ಮಾತಾಡುವ ಹೆಂಗಸು. ಎಷ್ಟು ರೊಟ್ಟಿ, ಎಷ್ಟು ಪಲ್ಲೆ, ಯಾವ ಹೊತ್ತಿಗೆ ಎಂದೆಲ್ಲ ಬರೆದುಕೊಟ್ಟ ಮೇಲೆ ಒಂದು ನೋಟಬುಕ್ಕನ್ನೂ ಕೈಯಲ್ಲಿಟ್ಟರು. ಪ್ರತಿ ಪುಟದಲ್ಲಿ ಗೆರೆ ಎಳೆದು ಎರಡು ಭಾಗ ಮಾಡಿತ್ತು.

"ಈ ಕಡೆ ಏನ ತಿಂದ್ರಿ ಬರೀರಿ. ಆ ಕಡೆ, ತಿನ್ನೂದಕ್ಕ ಮೊದಲ ಮನಸಿನ್ಯಾಗ ಏನಿತ್ತು ಅದನ್ನ ಬರೀರಿ. ಸಿಟ್ಟು, ಬ್ಯಾಸರ, ಹೆದರಿಕಿ, ಏನಿದ್ರೂ. ನಾ ಯಾರಿಗೂ ತೋರಿಸೂದಿಲ್ಲ."

"ಮನಸಿನ್ಯಾಗ ಏನಿರತೈತ್ರಿ ಮೇಡಂ, ಹಸಿವ ಇರತೈತಿ" ಎಂದು ಭಾಗ್ಯಶ್ರೀ ನಕ್ಕಳು.

"ಹಸಿವಿದ್ರ ಹಸಿವು ಅಂತ ಬರೀರಿ" ಅಂದರು ಮೃಣಾಲಿನಿ. ಅವರು ನಗಲಿಲ್ಲ.

ಮೊದಲ ಮೂರು ತಿಂಗಳು ಎಲ್ಲವೂ ಸುಸೂತ್ರವಾಗಿ ನಡೆಯಿತು. ಬೆಳಗ್ಗೆ ಐದೂವರೆಗೆ ಎದ್ದು ಉಣಕಲ್ ಕೆರೆಯ ಸುತ್ತ ನಡೆಯುತ್ತಿದ್ದಳು. ಪರಮೇಶನೂ ಜೊತೆಗೆ ಬರುತ್ತಿದ್ದ. ಅನ್ನ ಬಿಟ್ಟಳು, ಚಹಾಕ್ಕೆ ಸಕ್ಕರೆ ಬಿಟ್ಟಳು. ಲಕ್ಷ್ಮಿ ಮನೆಯವರೆಲ್ಲ ಇರುವ ವಾಟ್ಸಾಪ್ ಗುಂಪು ಮಾಡಿದ್ದಳು. ಭಾನುವಾರ ಮುಂಜಾನೆ ತೂಕದ ಯಂತ್ರದ ಮೇಲೆ ನಿಂತು, ಅಂಕಿ ಕಾಣುವಂತೆ ಫೋಟೊ ತೆಗೆದು ಅದರಲ್ಲಿ ಹಾಕಬೇಕು. ತೊಂಬತ್ತೆರಡು, ತೊಂಬತ್ತು, ಎಂಬತ್ತೆಂಟು. ಪ್ರತಿ ಸಲವೂ ರತ್ನವ್ವ ಫೋನು ಮಾಡಿ ಅಳುತ್ತಿದ್ದಳು. "ನನ್ನ ಮಗನ ಜೀವ ನಿನ್ನ ಕೈಯಾಗೈತಿ ನನ್ನವ್ವ" ಅನ್ನುತ್ತಿದ್ದಳು. ಮೇ ತಿಂಗಳ ಕೊನೆಗೆ ತೂಕ ಎಂಬತ್ತಾರಕ್ಕೆ ಇಳಿಯಿತು. ತನ್ನ ಹಳೆಯ ಜಂಪರುಗಳನ್ನು ತಾನೇ ಬಿಚ್ಚಿ ಹೊಲಿದುಕೊಂಡಳು.

ಜೂನ್ ಮೊದಲ ವಾರ ಆಸ್ಪತ್ರೆಯವರು ಗಂಡ ಹೆಂಡತಿ ಇಬ್ಬರನ್ನೂ ಕರೆಸಿದರು. ಶಸ್ತ್ರಚಿಕಿತ್ಸೆ ಹೇಗೆ ಮಾಡುತ್ತಾರೆ, ಎಷ್ಟು ದಿನ ಮಲಗಬೇಕು, ಮುಂದೆ ಏನೇನು ಜಾಗ್ರತೆ ಮಾಡಬೇಕು ಎಂದೆಲ್ಲ ಡಾಕ್ಟರು ತಿಳಿಸಿ ಹೇಳಿದರು. ಮುಚ್ಚುಮರೆ ಮಾಡಬಾರದೆಂದು ಇನ್ನೊಂದನ್ನೂ ಹೇಳಿದರು. ಕಿಡ್ನಿ ಕೊಡುವವರಲ್ಲಿ ಸಾವಿರಾರು ಮಂದಿಗೆ ಒಬ್ಬರು ಆಪರೇಶನ್ನಿನಲ್ಲೇ ಹೋಗುವುದುಂಟು. ಭಾಳ ಅಪರೂಪ, ಆದರೆ ಉಂಟು. ಮನಸ್ಸಿಲ್ಲದಿದ್ದರೆ ಯಾವಾಗ ಬೇಕಾದರೂ ಬೇಡ ಅನ್ನಬಹುದು, ಕಾರಣವನ್ನು ಮನೆಯವರಿಗೆ ಆಸ್ಪತ್ರೆ ತಿಳಿಸುವುದಿಲ್ಲ.

ಪರಮೇಶ ಒಂದೂ ಪ್ರಶ್ನೆ ಕೇಳಲಿಲ್ಲ. ಮರಳುವಾಗ ಚಿಗರಿ ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ.

ಮರುದಿನ ಸಂಜೆ ಡಿಪೋದಿಂದ ಬರುವಾಗ ಅವನ ಕೈಯಲ್ಲಿ ಕಾಗದದ ಪೊಟ್ಟಣವಿತ್ತು. ಬಿಸಿ ಮಿರ್ಚಿ ಭಜಿ, ಜೊತೆಗೆ ಚುರುಮುರಿಯ ಗಿರಮಿಟ್ಟು. ನಾಲ್ಕು ತಿಂಗಳಿಂದ ಆ ಮನೆಗೆ ಕರಿದ ಪದಾರ್ಥ ಬಂದಿರಲಿಲ್ಲ.

"ವಿದ್ಯಾಗ ತಂದ್ನಿ" ಅಂದ. ಸ್ವಲ್ಪ ಹೊತ್ತಿಗೆ, "ನೀನೂ ಒಂದ ತಗೋ. ಒಂದಕ್ಕ ಏನಾಗತೈತಿ? ಭಾಳ ಸೊರಗೀದಿ" ಅಂದ.

ಭಾಗ್ಯಶ್ರೀ ಒಂದು ತಿಂದಳು. ಆಮೇಲೆ ಮೂರು ತಿಂದಳು. ನಿನ್ನೆಯಿಂದ ಎದೆಯಲ್ಲಿ ಹಿಡಿದುಕೊಂಡಿದ್ದ ಏನೋ ಒಂದು ಸಡಿಲಾಯಿತು. ಗಂಡ ಎದುರಿಗೆ ಕೂತು ಅವಳು ತಿನ್ನುವುದನ್ನೇ ನೋಡುತ್ತಿದ್ದ. ಅವನ ಮುಖದಲ್ಲೂ ಸಮಾಧಾನ ಕಂಡಿತು. ಅದನ್ನು ಅವಳು ಗಮನಿಸಿದಳು.

ಅಲ್ಲಿಂದ ಎರಡು ದಿನಕ್ಕೊಮ್ಮೆ ಪೊಟ್ಟಣ ಬರತೊಡಗಿತು. ಒಂದು ದಿನ ಫೇಡೆ, ಒಂದು ದಿನ ಕರದಂಟು. "ಹೊಲಿಗಿ ಭಾಳ ಐತಿ, ನೀ ಕೂಡು, ಅಡಗಿ ನಾ ಮಾಡ್ತೇನಿ" ಎಂದು ಪರಮೇಶ ಅಡುಗೆಗೂ ನಿಂತ. ರೊಟ್ಟಿಯ ಮೇಲೆ ಬೆಣ್ಣೆ ಹಚ್ಚಿರುತ್ತಿದ್ದ, ಪಲ್ಲೆಯಲ್ಲಿ ಎಣ್ಣೆ ತೇಲುತ್ತಿತ್ತು. ಮುಂಜಾನೆಯ ನಡಿಗೆಗೆ, "ಮಳಿ ಬರೂಹಂಗೈತಿ, ಇವತ್ತ ಬ್ಯಾಡ" ಅನ್ನುತ್ತಿದ್ದ. ಮಳೆ ಬಾರದ ದಿನವೂ ಹಾಗೇ ಅಂದ. ಭಾಗ್ಯಶ್ರೀ ಮರಳಿ ಹೊದ್ದು ಮಲಗುತ್ತಿದ್ದಳು. ಇಬ್ಬರೂ ಆ ವಿಷಯವಾಗಿ ಒಂದೇ ಒಂದು ಮಾತು ಆಡಲಿಲ್ಲ. ಆದರೆ ಗಂಡ ಏನು ಮಾಡುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು, ಅವಳಿಗೆ ಗೊತ್ತಿದೆ ಎಂಬುದು ಅವನಿಗೂ ಗೊತ್ತಿತ್ತು.

ಎಂಬತ್ತಾರು ಎಂಬತ್ತೇಳಾಯಿತು. ಭಾನುವಾರದ ಫೋಟೊಕ್ಕೆ ಏನು ಮಾಡುವುದು? ಯಂತ್ರದ ಮೇಲೆ ನಿಂತು ಒಂದು ಕೈಯಿಂದ ಕಿಟಕಿಯ ಕಟ್ಟೆಯನ್ನು ಒತ್ತಿ ಹಿಡಿದರೆ ಅಂಕಿ ಇಳಿಯುತ್ತದೆ ಎಂಬುದನ್ನು ಅವಳು ಕಂಡುಕೊಂಡಳು. ಎಂಬತ್ತೈದು ಎಂದು ಹಾಕಿದಳು. ಮುಂದಿನ ವಾರ ಎಂಬತ್ನಾಲ್ಕು. ಗುಂಪಿನಲ್ಲಿ ಎಲ್ಲರೂ ಕೈಮುಗಿಯುವ ಚಿತ್ರ ಹಾಕಿದರು. ರಾಜಶೇಖರ ಮಾತ್ರ ಏನೂ ಹಾಕಲಿಲ್ಲ.

ಮೃಣಾಲಿನಿಯವರು ನೋಟಬುಕ್ಕು ತಿರುವಿ ನೋಡಿ ಕೇಳಿದರು, "ಭಾಗ್ಯಶ್ರೀ ಅವರ, ಮೂರು ವಾರ ಆತು, ಮನಸಿನ ಕಡೆ ಏನೂ ಬರದಿಲ್ಲಲ್ಲ?"

"ಕೆಲಸದಾಗ ಮರತು ಹೋಗತೈತ್ರಿ."

"ಮರೀಲಿಕ್ಕೆ ಬೇಕಾಗೇದೋ ಏನೋ."

ಭಾಗ್ಯಶ್ರೀ ನೆಲ ನೋಡುತ್ತ ಕೂತಳು. ಅವರು ಕಾದರು. ಹೊರಗೆ ಬೇರೆ ಜನ ಕಾಯುತ್ತಿದ್ದರು. ಕೊನೆಗೆ ಅವರೇ ಅಂದರು, "ಹೆದರಿಕಿ ಅಂತ ಒಂದ ಸಲ ಬರದ ನೋಡ್ರಿ. ತಪ್ಪೇನಿಲ್ಲ. ಹೊಟ್ಟಿಗೆ ಹಾಕೂದಕಿಂತ ಹಾಳ್ಯಾಗ ಬರಿಯೂದು ಛಲೋ."

ಅವಳು ಬರೆಯಲಿಲ್ಲ.

ಜುಲೈ ನಡುವಿನಲ್ಲಿ ಆಸ್ಪತ್ರೆಯ ತಪಾಸಣೆಗೆ ಲಕ್ಷ್ಮಿಯೂ ಬಂದಳು. ರಾಜಶೇಖರನನ್ನು ಡಯಾಲಿಸಿಸ್‌ಗೆ ಬಿಟ್ಟು, "ನಿನ್ನ ಕೂಡ ನಾನೂ ಬರ್ತೇನಿ" ಎಂದು ಹಿಂದೆಯೇ ನಡೆದಳು. ಬೇಡ ಅನ್ನಲು ಕಾರಣ ಸಿಗಲಿಲ್ಲ. ನರ್ಸು ಭಾಗ್ಯಶ್ರೀಯನ್ನು ಯಂತ್ರದ ಮೇಲೆ ನಿಲ್ಲಿಸಿ ಗಟ್ಟಿಯಾಗಿ ಓದಿದಳು, "ಎಂಬತ್ತೆಂಟು ಪಾಯಿಂಟ್ ನಾಕು."

ಲಕ್ಷ್ಮಿ ತಪ್ಪು ಕೇಳಿಸಿತೆಂದು ಮುಂದೆ ಬಂದು ತಾನೇ ಬಗ್ಗಿ ನೋಡಿದಳು. ಆಮೇಲೆ ನಾದಿನಿಯ ಮುಖ ನೋಡಿದಳು. ಕೈಚೀಲ ಹೆಗಲಿಗೆ ಹಾಕಿಕೊಂಡು, ಡಯಾಲಿಸಿಸ್ ಕೋಣೆಯ ಹೊರಗಿನ ಬೆಂಚಿಗೆ ಹೋಗಿ ಕೂತಳು. ಭಾಗ್ಯಶ್ರೀ ಹತ್ತಿರ ಹೋಗಿ "ವೈನೀ" ಅಂದಾಗ ಲಕ್ಷ್ಮಿ ಸರಿದು ಜಾಗ ಕೊಟ್ಟಳೇ ಹೊರತು ತಲೆ ಎತ್ತಲಿಲ್ಲ. ಮರುದಿನ ವಾಟ್ಸಾಪ್ ಗುಂಪು ಇರಲಿಲ್ಲ.

ರತ್ನವ್ವ ಸುಮ್ಮನಿರಲಿಲ್ಲ. ಫೋನು ಮಾಡಿದಳು. "ಬಾಯಿ ಕಟ್ಟೂದ ಇಷ್ಟ ಕಠಿಣ ಏನ? ಅವಾ ನೀರಿಗೆ ಹಾತೊರೀತಾನ. ದಿನಕ್ಕ ಎರಡ ವಾಟಿ ನೀರಿನ ಮ್ಯಾಲೆ ಅದಾನ. ನಿನಗ ನಾಲಿಗಿ ತಡಿಯಾಕ ಆಗವಲ್ದು?"

ಭಾಗ್ಯಶ್ರೀ "ತಪ್ಪಾತವ್ವ" ಅಂದಳು. ಗಂಡನ ಹೆಸರು ಎತ್ತಲಿಲ್ಲ. ಫೋನು ಇಟ್ಟು, ಡಬ್ಬಿಯಲ್ಲಿದ್ದ ಅವಲಕ್ಕಿ ಚೂಡಾ ಎಲ್ಲವನ್ನೂ ನಿಂತಲ್ಲೇ ತಿಂದು ಮುಗಿಸಿದಳು.

ಆ ಸಲ ಪಂಚಮಿಗೆ ಕರೆಯಲು ಅಣ್ಣ ಬರಲಾರ ಎಂದುಕೊಂಡಿದ್ದಳು. ಬಂದ. ಆಟೊದಿಂದ ಇಳಿದು ಗೋಡೆ ಹಿಡಿದುಕೊಂಡು ಒಳಗೆ ಬಂದವನಿಗೆ ಅವಳು ಕುರ್ಚಿ ಎಳೆದುಕೊಟ್ಟಳು. ಬಣ್ಣ ಕಪ್ಪಿಟ್ಟಿತ್ತು, ಕಣ್ಣಿನ ಕೆಳಗೆ ಬಾವು ಬಂದಿತ್ತು, ಅಂಗಿಯ ಕೊರಳಪಟ್ಟಿ ದೊಡ್ಡದಾಗಿ ಕಾಣುತ್ತಿತ್ತು. ಪರಮೇಶ ಕೆಲಸಕ್ಕೆ ಹೋಗಿದ್ದ, ವಿದ್ಯಾ ಕಾಲೇಜಿಗೆ. ಮನೆಯಲ್ಲಿ ಅಣ್ಣ ತಂಗಿ ಇಬ್ಬರೇ.

ರಾಜಶೇಖರ ಕಿಸೆಯಿಂದ ಕಾಗದದಲ್ಲಿ ಸುತ್ತಿದ ಎರಡು ಶೇಂಗಾ ಉಂಡಿ ತೆಗೆದು ಹೊಲಿಗೆ ಯಂತ್ರದ ಮೇಲೆ ಇಟ್ಟ.

"ಅವ್ವ ಈ ಸಲ ಉಂಡಿ ಕಟ್ಟೂದಿಲ್ಲ ಅಂದ್ಲು, ನಿನ್ನ ಸಂಬಂಧ. ಬಾಜೂ ಮನ್ಯಾಗ ಇಸ್ಕೊಂಡ ಬಂದೇನಿ. ತಿನ್ನು."

"ಅಣ್ಣಾ, ನಾ ಈಗ..."

"ಪಂಚಮ್ಯಾಗ ಉಂಡಿ ಬ್ಯಾಡ ಅಂತ ನಾ ನಿನಗ ಹೇಳ್ಲೇನ?" ಅವನು ಉಸಿರು ತೆಗೆದುಕೊಳ್ಳಲು ನಿಂತ. "ಭಾಗ್ಯಾ, ಖರೇ ಹೇಳು. ಹೆದರಿಕಿ ಆಗೈತೇನ?"

ಅವಳು ಉಂಡಿಯ ಕಾಗದವನ್ನು ಮತ್ತೆ ಸುತ್ತತೊಡಗಿದಳು.

"ನನಗೂ ಆಗೈತಿ. ನಿನಗೇನರ ಆದ್ರ ನಾ ಆ ಕಿಡ್ನಿ ಇಟ್ಕೊಂಡ ಹೆಂಗ ಬದುಕ್ಲಿ ಅಂತ. ಮನಸಿಲ್ಲದಿದ್ರ ಡಾಕ್ಟರಿಗೆ ಹೇಳಿಬಿಡು. ತಬ್ಬೇತಿ ಸರಿಯಿಲ್ಲ ಅಂತ ಅವರ ಹೇಳ್ತಾರ. ಅವ್ವಗ ಗೊತ್ತಾಗೂದಿಲ್ಲ, ನಿನ್ನ ವೈನಿಗೂ ಗೊತ್ತಾಗೂದಿಲ್ಲ. ನನಗ ಸಿಟ್ಟ ಬರೂದಿಲ್ಲ."

ಅಷ್ಟು ಹೊತ್ತಿಗೆ ಅವಳ ಬಾಯಲ್ಲಿ "ಹೌದು" ಎಂಬ ಮಾತು ಬಂದು ನಿಂತಿತ್ತು. ಆದರೆ ಅವನ ಕೊರಳಪಟ್ಟಿ ಕಂಡಿತು. ಹದಿನೇಳರ ಹುಡುಗ ಪುಸ್ತಕಗಳನ್ನು ಅಟ್ಟಕ್ಕೆ ಹಾಕಿ ಅಂಗಡಿಗೆ ಹೊರಟ ದಿನ ನೆನಪಾಯಿತು.

"ಹಂಗೇನಿಲ್ಲಣ್ಣ. ನಾ ಕೊಡ್ತೇನಿ. ಲಗೂನ ಇಳಸ್ತೇನಿ" ಅಂದಳು.

ಅವನು ತಲೆಯಾಡಿಸಿದ. ನಂಬಿದನೋ ಇಲ್ಲವೋ ತಿಳಿಯಲಿಲ್ಲ. ಏಳುವಾಗ ಅವಳ ಭುಜ ಹಿಡಿದೇ ಎದ್ದ. "ಸಣ್ಣಾಕಿ ಇದ್ದಾಗ ನಿನ್ನ ಭಾಳ ಆಡಕೊಂಡೇನಿ. ಮನಸಿನ್ಯಾಗ ಇಟ್ಕೋಬ್ಯಾಡ" ಅಂದ. ಅದನ್ನು ಕೇಳಿ ಭಾಗ್ಯಶ್ರೀಗೆ ಅಳು ಬರುವ ಬದಲು, ಮೂವತ್ತು ವರ್ಷದ ಹಿಂದಿನ ಸಿಟ್ಟು ಒಮ್ಮೆಲೇ ಮೇಲೆದ್ದಿತು. ಈಗ, ಅವನು ಹೀಗಿರುವಾಗ, ಆ ಸಿಟ್ಟನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಅವಳು ಬಾಗಿಲ ಹತ್ತಿರ ನಿಂತುಬಿಟ್ಟಳು.

ಅಂದು ಸಂಜೆ ಪರಮೇಶ ಪೊಟ್ಟಣ ಹಿಡಿದು ಬಂದಾಗ ಅವಳು ನೋಟಬುಕ್ಕು ಮುಂದಿಟ್ಟುಕೊಂಡು ಕೂತಿದ್ದಳು. ಒಂದು ಪುಟದ ಬಲಗಡೆ ಮೇಲಿಂದ ಕೆಳಗಿನವರೆಗೆ ಬರೆದಿದ್ದಳು. ಸಾಯುವ ಹೆದರಿಕೆ. ಅಣ್ಣನ ಮೇಲೆ ಸಿಟ್ಟು. ಅವ್ವನ ಮೇಲೆ ಸಿಟ್ಟು, ನನ್ನ ಜೀವ ಯಾರಿಗೂ ಲೆಕ್ಕಕ್ಕಿಲ್ಲ. ವಿದ್ಯಾಳ ಚಿಂತೆ. ಇವರು ತಂದಾಗ ಜೀವಕ್ಕೆ ಹಾಯೆನಿಸುತ್ತದೆ.

"ನೀವ ಯಾಕ ತರ್ತೀರಿ?" ಎಂದು ಕೇಳಿದಳು.

ಪರಮೇಶ ಪೊಟ್ಟಣವನ್ನು ಕೈಯಲ್ಲೇ ಹಿಡಿದು ನಿಂತ. ಕಡೆಗೆ ನೆಲಕ್ಕೆ ಕೂತ.

"ನಮ್ಮವ್ವನ ಗರ್ಭಚೀಲದ ಆಪರೇಶನ್ನಿಗೆ ಒಳಗ ಕರಕೊಂಡ ಹೋದಾಗ ಸಣ್ಣ ಆಪರೇಶನ್ನು, ಎರಡ ತಾಸಿನ್ಯಾಗ ಹೊರಗ ತರ್ತೇವಿ ಅಂದಿದ್ರು. ನಾ ಗಂಜಿ ಡಬ್ಬಿ ಹಿಡಕೊಂಡ ಹೊರಗ ಕುಂತಿದ್ನಿ. ಗಂಜಿ ಆರಿತು, ಅಕಿ ಹೊರಗ ಬರಲೇ ಇಲ್ಲ." ಅವನು ಪೊಟ್ಟಣವನ್ನು ನೆಲದ ಮೇಲಿಟ್ಟ. "ನಿಮ್ಮ ಅಣ್ಣನ ಮುಂದ ಕೊಡಬ್ಯಾಡ ಅಂತ ಹ್ಯಾಂಗ ಹೇಳ್ಲಿ? ಮನುಷ್ಯಾ ಸಾಯಾಕತ್ತಾನ. ಹೇಳಾಕ ಬಾಯಿ ಬರಲಿಲ್ಲ. ಕೈಲೆ ಇದನ್ನ ತಂದ್ನಿ."

"ನೀವ ಅಷ್ಟ ತಂದ್ರಿ. ತಿಂದಾಕಿ ನಾನ ಅಲ್ಲೇನು?" ಅಂದಳು ಭಾಗ್ಯಶ್ರೀ.

ಇಬ್ಬರೂ ಅತ್ತರು. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಅವನು ಅತ್ತದ್ದನ್ನು ಅವಳು ನೋಡಿದ್ದು ಅದೇ ಮೊದಲು. ವಿದ್ಯಾ ಒಳಗೆ ಬಂದು, ಅಪ್ಪ ಅಮ್ಮ ಇಬ್ಬರೂ ನೆಲದ ಮೇಲೆ ಕೂತಿರುವುದನ್ನು ನೋಡಿ, ಯಾರೋ ತೀರಿಹೋದರೆಂದು ಗಾಬರಿಯಾದಳು.

ಮರುದಿನವೇ ಭಾಗ್ಯಶ್ರೀ ಮೃಣಾಲಿನಿಯವರ ಬಳಿ ಹೋಗಿ ಆ ಪುಟ ತೋರಿಸಿದಳು. ಅವರು ಓದಿ, ನೋಟಬುಕ್ಕು ಮುಚ್ಚಿ, "ಇಷ್ಟ ಇಟಗೊಂಡ ನೀವು ತೂಕ ಹ್ಯಾಂಗ ಇಳಸ್ತಿದ್ರಿ?" ಅಂದರು. ಕೊಡುವುದೋ ಬಿಡುವುದೋ ಈಗ ತೀರ್ಮಾನ ಮಾಡಿ ಎಂದರು. ಯಾರ ಮೋರೆಯನ್ನೂ ನೋಡಬೇಡಿ, ಎರಡರಲ್ಲಿ ಯಾವುದಾದರೂ ಸರಿಯೇ, ಆದರೆ ನಿಮ್ಮದಾಗಿರಲಿ. ಭಾಗ್ಯಶ್ರೀ ಒಂದು ವಾರ ಯೋಚಿಸಿದಳು. ಪರಮೇಶ ಆ ವಾರ ಏನೂ ಹೇಳಲಿಲ್ಲ, ಏನೂ ತರಲಿಲ್ಲ. ವಾರದ ಕೊನೆಗೆ ಅವಳು, "ಕೊಡ್ತೇನಿ. ಹೆದರಿಕಿ ಇರಲಿ, ಇಟ್ಕೊಂಡ ಕೊಡ್ತೇನಿ" ಅಂದಳು. ಅವನು, "ಹೊರಗ ನಾ ಕುಂದರತೇನಿ" ಎಂದಷ್ಟೇ ಅಂದ.

ಆಮೇಲಿನ ದಿನಗಳು ಸುಲಭವಾಗಿರಲಿಲ್ಲ. ಹೆದರಿಕೆ ಮೊದಲಿನಂತೆಯೇ ಬರುತ್ತಿತ್ತು. ಕಾಲು ಅಡುಗೆಮನೆಯ ಹೊಸ್ತಿಲವರೆಗೆ ಹೋಗುತ್ತಿತ್ತು. ಅಲ್ಲಿ ನಿಂತು ಗಂಡನಿಗೆ ಫೋನು ಮಾಡುತ್ತಿದ್ದಳು. "ಬಂತು ನೋಡ್ರಿ" ಅನ್ನುತ್ತಿದ್ದಳು. ಅವನು ಬಸ್ಸಿನ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದರೂ ಹೊರಗೆ ಬಂದು, "ಬರಲಿ, ಹೋಗತೈತಿ, ಮಾತಾಡಕೋತ ಇರು" ಅನ್ನುತ್ತಿದ್ದ. ಕೆಲವು ದಿನ ಹೋಗುತ್ತಿತ್ತು, ಕೆಲವು ದಿನ ಅವಳು ಸೋಲುತ್ತಿದ್ದಳು. ಸೋತ ದಿನ ಸೋತೆ ಎಂದು ಬರೆಯುತ್ತಿದ್ದಳು. ಆಗಸ್ಟ್ ಕೊನೆಗೆ ಎಂಬತ್ತಾರು. ದಸರೆಗೆ ಎಂಬತ್ನಾಲ್ಕು. ಅಕ್ಟೋಬರ್ ಕೊನೆಯ ವಾರ ಎಂಬತ್ತೆರಡೂವರೆ. ಹೀಗೇ ಇಳಿದು ಎಂಬತ್ತರೊಳಗೆ ಬಂದರೆ ಡಿಸೆಂಬರ್ ಮೊದಲ ವಾರ ಆಪರೇಶನ್ ಮಾಡಬಹುದೆಂದು ಡಾಕ್ಟರು ಅಂದರು. ಲಕ್ಷ್ಮಿ ಮತ್ತೆ ಮಾತಾಡತೊಡಗಿದ್ದಳು, ಬೇಕಾದಷ್ಟು ಮಾತ್ರ.

ನವೆಂಬರ್ ತಿಂಗಳ ಒಂದು ಸೋಮವಾರ ಬೆಳಗ್ಗೆ, ಆಸ್ಪತ್ರೆಗೆ ಹೊರಡಲೆಂದು ಚಪ್ಪಲಿ ಮೆಟ್ಟುತ್ತಿದ್ದ ರಾಜಶೇಖರ ಹೊಸ್ತಿಲ ಮೇಲೆ ಕುಸಿದ. ಆಂಬುಲೆನ್ಸು ಬರುವ ಹೊತ್ತಿಗೆ ಮುಗಿದಿತ್ತು. ಹೃದಯ ನಿಂತಿತು ಅಂದರು. ಶುಕ್ರವಾರದ ಡಯಾಲಿಸಿಸ್ ಆದ ಮೇಲೆ ಸೋಮವಾರದವರೆಗಿನ ಅಂತರದಲ್ಲಿ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೀಗಾಗುವುದುಂಟು ಎಂದು ಡಾಕ್ಟರು ಪರಮೇಶನಿಗೆ ತಿಳಿಸಿದರು.

ಭಾಗ್ಯಶ್ರೀ ಹೋದಾಗ ಅಣ್ಣನನ್ನು ಗೋಡೆಗೆ ಆನಿಸಿ ಕೂಡಿಸಿ, ಹಣೆಗೆ ವಿಭೂತಿ ಬಳಿದಿದ್ದರು. ರತ್ನವ್ವ ಮಗಳನ್ನು ಕಂಡು ಎದ್ದು ಬಂದಳು. ಅಪ್ಪಿಕೊಳ್ಳುತ್ತಾಳೆಂದು ಭಾಗ್ಯಶ್ರೀ ಕೈ ಚಾಚಿದಳು. ರತ್ನವ್ವ ಅವಳ ಎರಡೂ ತೋಳುಗಳನ್ನು ಮೇಲಿಂದ ಕೆಳಗೆ ಹಿಂಡಿ ನೋಡಿದಳು, ಸಂತೆಯಲ್ಲಿ ಕಾಯಿ ನೋಡುವಂತೆ.

"ಈಗ ಇಳದೀಯಲ್ಲ" ಅಂದಳು. "ಆವಾಗ ಯಾಕ ಇಳೀಲಿಲ್ಲ?"

ಕೂತ ಜನರೆಲ್ಲ ಕೇಳಿದರು. ಪರಮೇಶ ಒಂದು ಹೆಜ್ಜೆ ಮುಂದೆ ಬಂದು ಬಾಯಿ ತೆರೆದ. ಭಾಗ್ಯಶ್ರೀ ಅವನ ಕಡೆ ನೋಡಿ ಬೇಡವೆಂದು ತಲೆಯಾಡಿಸಿದಳು. ಅವನು ನಿಂತ. ಮಣ್ಣು ಮಾಡಿ ಬಂದ ಮೇಲೆ ಎಲ್ಲರಿಗೂ ಅನ್ನ ಸಾರು ಬಡಿಸಿದರು. ಅವಳ ತಾಟೂ ಬಂತು. ಒಂದು ತುತ್ತೂ ಗಂಟಲಲ್ಲಿ ಇಳಿಯಲಿಲ್ಲ. ಜೀವನದಲ್ಲಿ ಮೊದಲ ಸಲ ಊಟ ಅವಳನ್ನು ಬಿಟ್ಟುಹೋಗಿತ್ತು. ಎರಡು ತಿಂಗಳಲ್ಲಿ ಯಾವ ಪ್ರಯತ್ನವೂ ಇಲ್ಲದೆ ಎಪ್ಪತ್ತಾರಕ್ಕೆ ಇಳಿದಳು. ಜಂಪರು ಹೊಲಿಸಲು ಬಂದ ಹೆಂಗಸರು, "ಎಷ್ಟ ಚಂದ ಕಾಣಾಕತ್ತೀರಿ, ಏನ ಮಾಡಿದ್ರಿ?" ಎಂದು ಕೇಳುತ್ತಿದ್ದರು. ಅವಳು ಅಳತೆ ಪಟ್ಟಿ ಹಿಡಿದು, "ಕೈ ಎತ್ರಿ" ಅನ್ನುತ್ತಿದ್ದಳು. ರತ್ನವ್ವ ಫೋನು ಮಾಡುವುದನ್ನು ಬಿಟ್ಟಿದ್ದಳು. ಮನೆಯಲ್ಲಿ ಪರಮೇಶ ಅವಳನ್ನು ಎಂದೂ ತಿನ್ನು ಅನ್ನುತ್ತಿರಲಿಲ್ಲ, ತಿನ್ನಬೇಡ ಅಂತಲೂ ಅನ್ನುತ್ತಿರಲಿಲ್ಲ. ತಾಟಿನ ಮುಂದೆ ಕೂತಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಲಕ್ಷ್ಮಿ ತಾನೇ ಅಂಗಡಿಗೆ ಕೂಡತೊಡಗಿದಳೆಂದು ತಿಳಿದು, ಭಾಗ್ಯಶ್ರೀ ಒಂದು ಶನಿವಾರ ಅಮರಗೋಳಕ್ಕೆ ಹೋದಳು. ಏನು ಹೇಳಬೇಕೆಂದು ತಿಳಿಯದೆ, ಬಾಯಿ ಬಿಚ್ಚಿದ ಚೀಲಗಳನ್ನು ಹೊಲಿಯಲು ಕೂತಳು. ಲಕ್ಷ್ಮಿ ಬೇಡ ಅನ್ನಲಿಲ್ಲ. ಮುಂದಿನ ಶನಿವಾರವೂ ಹೋದಳು. ಹಾಗೆ ಐದಾರು ವಾರ ನಡೆಯಿತು. ಚೀಲ, ದಾರ, ಗಾಡಿ ಇಷ್ಟನ್ನು ಬಿಟ್ಟು ಬೇರೆ ಮಾತಿರಲಿಲ್ಲ.

ಮಾರ್ಚಿನ ಒಂದು ಮಧ್ಯಾಹ್ನ, ಯಾರ್ಡಿನಲ್ಲಿ ಜನ ಕಡಿಮೆಯಾದ ಹೊತ್ತಿನಲ್ಲಿ, ಲಕ್ಷ್ಮಿ ಇದ್ದಕ್ಕಿದ್ದಂತೆ ಮಾತು ತೆಗೆದಳು.

"ಆ ಐತವಾರ ಎಳನೀರ ಕೊಟ್ಟಿದ್ದೆ."

ಭಾಗ್ಯಶ್ರೀಗೆ ಅರ್ಥವಾಗಲಿಲ್ಲ. "ಯಾರಿಗೆ ವೈನಿ?"

"ನಿಮ್ಮ ಅಣ್ಣಗ, ಹೋಗೂ ಹಿಂದಿನ ದಿನ. ಎಳನೀರು, ಬಾಳೆಹಣ್ಣಿನ್ಯಾಗ ಪೊಟ್ಯಾಸಿಯಂ ಭಾಳ, ಮುಟ್ಟಬಾರದಂತ ಡಾಕ್ಟರು ನೂರ ಸಲ ಹೇಳಿದ್ರು. ಮುಂಜಾನಿಂದ ಬಾಯಿ ಒಣಗತೈತಿ ಅಂತ ಕೇಳ್ಕೋತ ಕುಂತಿದ್ರು. ಸಣ್ಣ ಹುಡುಗರಗತೆ ಕೇಳಿದ್ರು. ನನ್ನ ಕೈಲೆ ನೋಡಾಕ ಆಗಲಿಲ್ಲ. ತಂದು ಕೊಟ್ಟೆ. ಒಂದ ವಾಟಿ ಅಷ್ಟ ಅಂತ ಕೊಟ್ಟೆ, ಪೂರಾ ಕುಡದ್ರು. ಎಷ್ಟ ಸಮಾಧಾನ ಆತು ಅಂದ್ರು." ಲಕ್ಷ್ಮಿ ಎದುರಿನ ರಾಶಿಯಿಂದ ಒಂದು ಹಿಡಿ ಜೋಳ ಎತ್ತಿ ಮತ್ತೆ ಅದರಲ್ಲೇ ಬಿಟ್ಟಳು. "ಅದರಿಂದನ ಆತೋ, ಏನ ಮೊದಲ ಆಗೂದಿತ್ತೋ. ಡಾಕ್ಟರಿಗೆ ಕೇಳಾಕ ಧೈರ್ಯ ಬರಲಿಲ್ಲ. ಅತ್ತಿ ನಿನಗ ಎಲ್ಲಾರ ಮುಂದ ಅಂದಾಗ ನಾ ಅಲ್ಲೇ ಇದ್ದೆ. ಸುಮ್ಮನಿದ್ದೆ."

ಭಾಗ್ಯಶ್ರೀ ಕೈಯಲ್ಲಿದ್ದ ದಬ್ಬಣವನ್ನು ಚೀಲಕ್ಕೆ ಚುಚ್ಚಿ ನಿಲ್ಲಿಸಿದಳು. ಹೇಳಲು ಅವಳ ಬಳಿಯೂ ಇತ್ತು. ಮನೆಗೆ ಏನೇನು ಬರುತ್ತಿತ್ತು, ಯಾರು ತರುತ್ತಿದ್ದರು, ತಾನು ಯಾಕೆ ತಿಂದೆ, ಎಲ್ಲ. ಆ ಕಳೆದುಹೋದ ಎರಡು ತಿಂಗಳು ಸಿಕ್ಕಿದ್ದರೆ ಆ ಐತವಾರ ಬರುತ್ತಲೇ ಇರಲಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಹೇಳಿದರೆ ಲಕ್ಷ್ಮಿಯ ಎದೆ ಸ್ವಲ್ಪ ಹಗುರಾಗುತ್ತಿತ್ತೇನೋ. ಆದರೆ ಪರಮೇಶನ ಹೆಸರು ಬಾಯಿಗೆ ಬರಲಿಲ್ಲ.

"ನಿಮ್ಮಿಂದಲ್ಲ ವೈನಿ" ಎಂದಷ್ಟೇ ಅಂದಳು. ಸರಿದು ಹೋಗಿ ಲಕ್ಷ್ಮಿಯ ಪಕ್ಕದಲ್ಲಿ ಕೂತಳು.

ಶಿರಗುಪ್ಪಿಯ ಕಡೆಯಿಂದ ಬಂದ ಟ್ರ್ಯಾಕ್ಟರೊಂದು ಅಂಗಡಿಯ ಮುಂದೆ ನಿಂತಿತು. ಕಡಲೆ ಚೀಲ ತಂದಿದ್ದ ರೈತ ಇಳಿದು, "ಸಾವುಕಾರ್ರು ಇಲ್ಲೇನ್ರಿ ಅಕ್ಕಾರ?" ಎಂದು ಕೇಳಿದ. ಅವನಿಗೆ ಸುದ್ದಿ ಗೊತ್ತಿರಲಿಲ್ಲ. ಲಕ್ಷ್ಮಿ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು, "ಇಲ್ರಿ. ನಾನ ಅದೇನಿ, ಇಳಸ್ರಿ" ಎಂದಳು.

ಭಾಗ್ಯಶ್ರೀ ಎದ್ದು ಚೀಲ ಇಳಿಸುವವರಿಗೆ ಜಾಗ ಮಾಡಿಕೊಟ್ಟಳು.